ಬೀಗಕ್ಕೆ ಹೆಸರಿತ್ತ ಊರು

ಹಾಲೆಂಡಿನ ರಾಜ್ಯಭಾರವೆಲ್ಲ ನಡೆಯುವ ಹೇಗ್ ನಗರವನ್ನು ಬಿಟ್ಟು ಉತ್ತರಕ್ಕೆ, ವಿದ್ಯಾಪೀಠದ ಊರಾದ ಲೈಡನ್ನಿನ ಕಡೆಗೆ ಹೊರಟರೆ, ಸ್ವಲ್ಪ ಹೊತ್ತಿನಲ್ಲಿಯೇ ಪೇಟೆಯ ಗದ್ದಲ ಹಿಂದೆ ಬೀಳುತ್ತದೆ. ರಸ್ತೆಯ ಎರಡು ಕಡೆಗಳಲ್ಲಿಯೂ ಓಕ್ ಮತ್ತು ಬೀಚ್ ಮರಗಳು ಚಪ್ಪರ ಹಾಕಿದಂತೆ ಬಾಗಿ ನಿಲ್ಲುತ್ತವೆ. ಎಡಕ್ಕೆ ಮರಳುದಿಬ್ಬಗಳ ಸಾಲು. ಅದರಾಚೆ ಉತ್ತರ ಸಮುದ್ರ. ಬಲಕ್ಕೆ ಕಾಲುವೆಗಳು ಗೆರೆ ಎಳೆದಂತೆ ಹಾಯ್ದಿರುವ ಹಸಿರು ಹುಲ್ಲುಗಾವಲು. ಸಮುದ್ರದ ಗಾಳಿಯನ್ನು ದಿಬ್ಬಗಳು ತಡೆದು, ಕಾಡಿನ ತಂಪನ್ನು ಮಾತ್ರ ಉಳಿಸಿಕೊಟ್ಟಿರುವ ಈ ಪಟ್ಟಿಯ ಮೇಲೆ ಹರಡಿಕೊಂಡಿರುವ ಊರೇ ವಾಸೆನಾರ್.

ಊರಿನ ಜನಸಂಖ್ಯೆ ಸುಮಾರು 27 ಸಾವಿರ. ಹಾಲೆಂಡಿನ ಸಿರಿವಂತ ಊರುಗಳಲ್ಲಿ ಇದೂ ಒಂದು. ಎತ್ತರದ ಬೇಲಿಗಳ ಹಿಂದೆ ಮರೆಯಾದ ದೊಡ್ಡ ದೊಡ್ಡ ಮನೆಗಳಲ್ಲಿ ಹಲವು ರಾಷ್ಟ್ರಗಳ ರಾಯಭಾರಿಗಳು ವಾಸವಾಗಿದ್ದಾರೆ. ಇಂದಿನ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಕೂಡ 2019ರವರೆಗೆ ಸಂಸಾರಸಮೇತನಾಗಿ ಇಲ್ಲಿಯ ಐಕನ್‌ಹಾರ್ಸ್ಟ್ ಎಂಬ ಮನೆಯಲ್ಲಿಯೇ ಇದ್ದನು. ಪುರಸಭೆಯು ಕುಳಿತಿದ್ದ ಬಿಳಿಯ ಸೌಧಕ್ಕೆ ‘ಡೆ ಪಾವ್’, ಅಂದರೆ ನವಿಲು ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ರಾಜಕುಮಾರ ಫ್ರೆಡರಿಕನ ಅರಮನೆಯಾಗಿತ್ತು. ಮಕ್ಕಳಿರುವ ಸಂಸಾರಗಳು ಮಾತ್ರ ಇದೊಂದನ್ನೂ ಲೆಕ್ಕಿಸದೆ ನೇರವಾಗಿ ಡೈನ್‌ರೆಲ್ ಎಂಬ ಆಟದ ಉದ್ಯಾನಕ್ಕೆ ಓಡುತ್ತವೆ. ಒಟ್ಟಿನಲ್ಲಿ, ಊಟವಾದ ಮೇಲೆ ಮರದ ನೆರಳಿನಲ್ಲಿ ಕುಳಿತು ತೂಕಡಿಸಬಹುದಾದ ಊರು.

ಆದರೂ ವಾಷಿಂಗ್‌ಟನ್ನಿನಿಂದ ಟೋಕಿಯೋವರೆಗೆ, ನಮ್ಮ ದೆಹಲಿಯಲ್ಲಿಯೂ ಸಹ, ಸರಕಾರದ ಕಚೇರಿಗಳಲ್ಲಿ ‘ವಾಸೆನಾರ್’ ಎಂಬ ಮಾತು ದಿನವೂ ಕೇಳಿಬರುತ್ತದೆ. ಅಲ್ಲಿ ಅದು ಊರಿನ ಹೆಸರಲ್ಲ. ಒಂದು ಬೀಗದ ಹೆಸರು. ಯುದ್ಧಕ್ಕೆ ಬೇಕಾದ ಸಾಮಗ್ರಿಯನ್ನೂ, ಮನೆಗೂ ಯುದ್ಧಕ್ಕೂ ಸಮನಾಗಿ ಒದಗುವ ಯಂತ್ರ ಮತ್ತು ವಿದ್ಯೆಗಳನ್ನೂ ಒಂದು ದೇಶವು ಮತ್ತೊಂದು ದೇಶಕ್ಕೆ ಮಾರುವ ಮುನ್ನ ತೆರೆಯಬೇಕಾದ ಬೀಗವದು.

ಮೂರು ಬೀದಿಗಳು ಕೂಡುವಲ್ಲಿ

ಊರಿನ ವಸತಿಯ ಭಾಗದಲ್ಲಿ ಮೂರು ಬೀದಿಗಳು ಒಂದೆಡೆ ಕೂಡುತ್ತವೆ. ಲೈಸ್ಟರ್‌ಲಾನ್, ಕೊನೈನನ್‌ಲಾನ್, ಕುಕುಕ್ಸ್‌ಲಾನ್ ಎಂದು ಅವುಗಳ ಹೆಸರು. ಒಂದಕ್ಕೆ ಹಾಡುವ ಹಕ್ಕಿಯ ಹೆಸರು, ಎರಡನೆಯದಕ್ಕೆ ಮೊಲದ್ದು, ಮೂರನೆಯದಕ್ಕೆ ಕೋಗಿಲೆಯದು. 1944ನೆಯ ಇಸವಿ ಸೆಪ್ಟೆಂಬರ್ 8ರ ಸಂಜೆ, ಹಕ್ಕಿಗಳ ಹೆಸರಿನ ಈ ಬೀದಿಗಳ ಕೂಟದಿಂದಲೇ ಲಂಡನ್ ನಗರದ ಮೇಲೆ ಬಿದ್ದ ಮೊತ್ತಮೊದಲನೆಯ ವಿ-2 ರಾಕೆಟ್ಟು ಮೇಲಕ್ಕೆದ್ದಿತು. ಅಂದು ಹಾಲೆಂಡು ಜರ್ಮನರ ವಶದಲ್ಲಿತ್ತು. ಹದಿನಾಲ್ಕು ಮೀಟರ್ ಎತ್ತರದ ರಾಕೆಟ್ಟನ್ನು ಗಾಡಿಯ ಮೇಲೆ ತಂದು, ಮರಗಳ ಮರೆಯಲ್ಲಿ ನಿಲ್ಲಿಸಿ, ಬೆಂಕಿ ಕೊಟ್ಟು, ಬಂದ ಹಾದಿಯಲ್ಲಿಯೇ ಮರಳುವುದು ಅವರ ಸೈನಿಕರ ಕ್ರಮ. ಇದಕ್ಕೆ ಗಟ್ಟಿಯಾದ ರಸ್ತೆ, ಎತ್ತರದ ಮರ, ಲಂಡನ್ನಿಗೆ ಸಮೀಪವಾದ ಕಡಲತಡಿ ಬೇಕು. ಮೂರೂ ವಾಸೆನಾರಿನಲ್ಲಿದ್ದವು. ಸಿರಿವಂತರ ವಿಹಾರಕ್ಕೆಂದು ನೆಟ್ಟ ಸಾಲುಮರಗಳು ಶಸ್ತ್ರಕ್ಕೆ ಮರೆಯಾದವು.

ಐದು ನಿಮಿಷ ಮಾತ್ರ ಕಳೆದಿತ್ತು. ಲಂಡನ್ನಿನ ಚಿಸ್ವಿಕ್ ಬಡಾವಣೆಯಲ್ಲಿ ಮನೆಗಳು ಉರುಳಿ ಮೂವರು ಸತ್ತರು. ಅವರಲ್ಲಿ ಒಂದು ಮೂರು ವರ್ಷದ ಮಗು. ಶಬ್ದಕ್ಕಿಂತ ವೇಗವಾಗಿ ಬರುವ ಆ ಆಯುಧದ ಬರವು ಮೊದಲು ಕೇಳುತ್ತಿರಲಿಲ್ಲ. ಮೊದಲು ಸಿಡಿತ, ಆಮೇಲೆ ಸದ್ದು. ಮುಂದಿನ ಏಳು ತಿಂಗಳುಗಳಲ್ಲಿ ಹೇಗ್ ಮತ್ತು ಅದರ ಸುತ್ತಿನಿಂದ ಸಾವಿರದಷ್ಟು ರಾಕೆಟ್ಟುಗಳು ಹೊರಟವು. ವಾಸೆನಾರಿನ ಕುದುರೆಪಂದ್ಯದ ಬಯಲಾದ ಡೈನ್‌ಡಿಗ್ಟ್ ಕೂಡ ಹಾರಿಸುವ ನೆಲೆಯಾಯಿತು. ಅವುಗಳನ್ನು ಅಡಗಿಸಲೆಂದು ಇಂಗ್ಲಿಷರ ವಿಮಾನಗಳು 1945ರ ಮಾರ್ಚ್ 3ರಂದು ಹೇಗ್ ನಗರದ ಕಾಡಿನ ಮೇಲೆ ಬಾಂಬು ಸುರಿಯಲು ಬಂದವು. ಗುರಿ ತಪ್ಪಿ ಪಕ್ಕದ ಬೆಜೈಡನ್‌ಹೌಟ್ ಬಡಾವಣೆಯ ಮೇಲೆ ಸುರಿದವು. ಐನೂರಕ್ಕೂ ಹೆಚ್ಚು ಮಂದಿ ಡಚ್ಚರು ತಮ್ಮ ಮಿತ್ರರ ಕೈಯಿಂದಲೇ ಸತ್ತರು.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ವಿ-2 ರಾಕೆಟ್ಟಿಗೆ ಇಂಧನವೆಂದು ತುಂಬುತ್ತಿದ್ದುದು ಆಲೂಗಡ್ಡೆಯಿಂದ ಭಟ್ಟಿ ಇಳಿಸಿದ ಮದ್ಯಸಾರ. ಅದನ್ನು ಉರಿಸುತ್ತಿದ್ದುದು ದ್ರವರೂಪದ ಆಮ್ಲಜನಕ. ಆಲೂಗಡ್ಡೆ ಅಡಿಗೆಮನೆಯ ಪದಾರ್ಥ. ಆಮ್ಲಜನಕ ಆಸ್ಪತ್ರೆಯಲ್ಲಿ ರೋಗಿಗೆ ಉಸಿರು. ಅದೇ ಚಳಿಗಾಲದಲ್ಲಿ ಪಶ್ಚಿಮ ಹಾಲೆಂಡಿನಲ್ಲಿ ಘೋರ ಕ್ಷಾಮ ಬಂದು, ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ಬೇಯಿಸಿ ತಿಂದರು. ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. ಉಣ್ಣುವ ವಸ್ತು ಯಾವುದು, ಕೊಲ್ಲುವ ವಸ್ತು ಯಾವುದು ಎಂಬ ಪ್ರಶ್ನೆ ವಾಸೆನಾರಿನವರಿಗೆ ಪುಸ್ತಕದಿಂದ ಬಂದುದಲ್ಲ.

ಊರ ಹೆಸರು ಒಪ್ಪಂದಕ್ಕೆ ಬಂದ ಬಗೆ

ಮಹಾಯುದ್ಧ ಮುಗಿದ ಮೇಲೆ ಜಗತ್ತು ಎರಡು ಬಣಗಳಾಗಿ ಒಡೆಯಿತು. ಅಮೆರಿಕ ಮತ್ತು ಅದರ ಮಿತ್ರರು 1949ರಲ್ಲಿ ‘ಕೋಕಾಂ’ ಎಂಬ ಸಮಿತಿಯನ್ನು ಕಟ್ಟಿ, ಪ್ಯಾರಿಸ್ ನಗರದಲ್ಲಿ ಸದ್ದಿಲ್ಲದೆ ಕೂಡಿ, ಸೋವಿಯತ್ ಒಕ್ಕೂಟಕ್ಕೂ ಅದರ ಗೆಳೆಯರಿಗೂ ಯಾವುದನ್ನು ಮಾರಬಾರದು ಎಂದು ಪಟ್ಟಿ ಬರೆಯತೊಡಗಿದರು. ಪಟ್ಟಿ ಇದ್ದಲ್ಲಿ ಕಳ್ಳದಾರಿಯೂ ಇರುತ್ತದೆ. 1980ರ ದಶಕದ ಮೊದಲಲ್ಲಿ ಜಪಾನಿನ ತೋಷಿಬಾ ಬಳಗದ ಒಂದು ಸಂಸ್ಥೆಯು ಹಡಗಿನ ಚಾಲಕಚಕ್ರಗಳನ್ನು ನಯವಾಗಿ ಕಡೆಯುವ ಯಂತ್ರಗಳನ್ನು ಲೆನಿನ್‌ಗ್ರಾಡಿಗೆ ಮಾರಿತು. ಅವನ್ನು ನಡೆಸುವ ಗಣಕವನ್ನು ನಾರ್ವೆಯ ಕಾಂಗ್ಸ್‌ಬರ್ಗ್ ಕಾರ್ಖಾನೆ ಒದಗಿಸಿತು. ಕಾಗದಪತ್ರಗಳಲ್ಲಿ ಬರೆದುದು ಮಾತ್ರ ಸಾಧಾರಣ ಯಂತ್ರವೆಂದು. ಚಕ್ರ ನಯವಾದಷ್ಟೂ ನೀರಿನೊಳಗಿನ ಸದ್ದು ಕಡಿಮೆ; ಸದ್ದು ಕಡಿಮೆಯಾದಷ್ಟೂ ಜಲಾಂತರ್ಗಾಮಿಯನ್ನು ಪತ್ತೆ ಹಚ್ಚುವುದು ಕಷ್ಟ. 1987ರಲ್ಲಿ ಸಂಗತಿ ಬಯಲಾದಾಗ ಅಮೆರಿಕದ ಶಾಸಕರು ತಮ್ಮ ಸಂಸತ್ತಿನ ಎದುರಿನ ಹುಲ್ಲಿನ ಮೇಲೆ ತೋಷಿಬಾ ರೇಡಿಯೋ ಒಂದನ್ನು ಸುತ್ತಿಗೆಯಿಂದ ಕುಟ್ಟಿ ಪುಡಿ ಮಾಡಿದರು.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಕೋಕಾಂಗೆ ಕೆಲಸವಿಲ್ಲದಾಯಿತು. 1994ರ ಮಾರ್ಚ್ 31ಕ್ಕೆ ಅದು ಮುಚ್ಚಿತು. ಆದರೆ ಇರಾಕಿನ ಸದ್ದಾಂ ಹುಸೇನನು ಊರೂರಿನ ಅಂಗಡಿಗಳಿಂದ ಯಂತ್ರಗಳನ್ನು ಕೊಂಡು ಆಯುಧಗಳನ್ನು ಗುಡ್ಡೆ ಹಾಕಿದ್ದ ನೆನಪು ಹಸಿಯಾಗಿತ್ತು. ಹೊಸ ಏರ್ಪಾಡೊಂದು ಬೇಕೆಂದು ಹಳೆಯ ಶತ್ರುಗಳೂ ಮಿತ್ರರೂ ಒಟ್ಟಾಗಿ ಮಾತಿಗೆ ಕುಳಿತರು. 1995ರ ಡಿಸೆಂಬರ್ 19ರಂದು ಅವರಲ್ಲಿ ಒಮ್ಮತವಾಯಿತು. ಕುಳಿತಿದ್ದುದು ವಾಸೆನಾರಿನಲ್ಲಿ, ಆದಕಾರಣ ಆ ಏರ್ಪಾಡು ವಾಸೆನಾರ್ ಒಪ್ಪಂದವೆನಿಸಿತು. 1996ರಲ್ಲಿ 33 ರಾಷ್ಟ್ರಗಳೊಡನೆ ಆರಂಭವಾಗಿ ಇಂದು 42 ರಾಷ್ಟ್ರಗಳನ್ನು ಒಳಗೊಂಡಿದೆ. ಅದರ ಕಚೇರಿ ಇರುವುದು ಮಾತ್ರ ಆಸ್ಟ್ರಿಯದ ವಿಯೆನ್ನಾದಲ್ಲಿ. ಮಗುವಿಗೆ ಹೆಸರಿಟ್ಟು ಬೇರೆ ಮನೆಗೆ ಕಳುಹಿಸಿದ ಅಜ್ಜಿಯಂತೆ ಈ ಊರು ತನ್ನ ಪಾಡಿಗೆ ತಾನಿದೆ.

ಪಟ್ಟಿಯೊಳಗೆ ಏನಿದೆ?

ಒಪ್ಪಂದದ ತಿರುಳು ಎರಡು ಪಟ್ಟಿಗಳು. ಒಂದು ಬರಿಯ ಯುದ್ಧಸಾಮಗ್ರಿಯದು: ಕೋವಿ, ಫಿರಂಗಿ, ಟ್ಯಾಂಕು, ಯುದ್ಧವಿಮಾನ, ಮದ್ದುಗುಂಡು. ಇದರಲ್ಲಿ ಗೊಂದಲ ಕಡಿಮೆ. ಫಿರಂಗಿಯನ್ನು ಕೊಂಡು ಉಪ್ಪಿನಕಾಯಿ ಹಾಕುತ್ತೇನೆಂದು ಯಾರೂ ಹೇಳಲಾರರು. ಕಷ್ಟವೆಲ್ಲ ಇರುವುದು ಎರಡನೆಯ ಪಟ್ಟಿಯಲ್ಲಿ. ಅದು ಇಬ್ಬಗೆಯ ಬಳಕೆಯ ವಸ್ತುಗಳದು. ವಿಶೇಷ ಲೋಹ ಮತ್ತು ನಾರುಗಳು, ಲೋಹ ಕಡೆಯುವ ಯಂತ್ರಗಳು, ವಿದ್ಯುನ್ಮಾನ, ಗಣಕಯಂತ್ರ, ದೂರಸಂಪರ್ಕ ಮತ್ತು ಗುಪ್ತಲಿಪಿ, ಸಂವೇದಕ ಮತ್ತು ಲೇಸರ್, ದಿಕ್ಕು ತೋರುವ ಉಪಕರಣ, ಸಾಗರಯಾನ, ವ್ಯೋಮಯಾನ ಎಂದು ಒಂಬತ್ತು ವಿಭಾಗಗಳು.

ಇಂಗಾಲದ ನಾರಿನಿಂದ ಟೆನ್ನಿಸ್ ಆಟದ ಬ್ಯಾಟನ್ನೂ ಮೀನು ಹಿಡಿಯುವ ಗಾಳದ ಕೋಲನ್ನೂ ಮಾಡುತ್ತಾರೆ; ಕ್ಷಿಪಣಿಯ ಕವಚವನ್ನೂ ಮಾಡುತ್ತಾರೆ. ಕತ್ತಲಲ್ಲಿ ಮೈಯ ಶಾಖವನ್ನು ಗುರುತಿಸುವ ಕ್ಯಾಮರಾ, ಹೊಗೆ ತುಂಬಿದ ಮನೆಯಲ್ಲಿ ಸಿಕ್ಕಿಬಿದ್ದವರನ್ನು ಅಗ್ನಿಶಾಮಕದವರಿಗೆ ತೋರಿಸುತ್ತದೆ; ಅದೇ ಕ್ಯಾಮರಾ ಕೋವಿ ಹಿಡಿದವನಿಗೂ ಗುರಿ ತೋರಿಸುತ್ತದೆ. ವಸ್ತುವಿನ ಹೆಸರನ್ನು ಬರೆದು ‘ಕೂಡದು’ ಎಂದರೆ ಲೋಕದ ವ್ಯಾಪಾರವೇ ನಿಲ್ಲುತ್ತದೆ. ಆದಕಾರಣ ಪಟ್ಟಿಯಲ್ಲಿರುವುದು ಹೆಸರಿಗಿಂತ ಹೆಚ್ಚಾಗಿ ಅಳತೆ: ನಾರು ಎಷ್ಟು ಬಲವುಳ್ಳದ್ದು, ಯಂತ್ರದ ಕೈ ಎಷ್ಟು ದಿಕ್ಕುಗಳಲ್ಲಿ ಏಕಕಾಲಕ್ಕೆ ತಿರುಗುತ್ತದೆ, ಎಷ್ಟು ಸೂಕ್ಷ್ಮವಾಗಿ ಕಡೆಯುತ್ತದೆ. ಗೆರೆಯ ಕೆಳಗಿದ್ದರೆ ಸಾಧಾರಣ ಸರಕು. ಮೇಲಿದ್ದರೆ ಸರಕಾರದ ಅನುಮತಿ ಬೇಕು.

ಅನುಮತಿ ಕೊಡುವುದು ಒಪ್ಪಂದವಲ್ಲ. ಆಯಾ ದೇಶದ ಸರಕಾರ, ತನ್ನ ಕಾನೂನಿನಂತೆ. ಹಾಲೆಂಡಿನ ವ್ಯಾಪಾರಿಯಾದರೆ ಅರ್ಜಿಯನ್ನು ಗ್ರೋನಿಂಗನ್ ನಗರದಲ್ಲಿರುವ ಸುಂಕದ ಇಲಾಖೆಯ ಕಚೇರಿಗೆ ಕಳುಹಿಸುತ್ತಾನೆ. ಸರಕನ್ನು ಕಟ್ಟಕಡೆಗೆ ಯಾರು ಬಳಸುತ್ತಾರೆ, ಯಾವುದಕ್ಕೆ ಬಳಸುತ್ತಾರೆ ಎಂದು ಕೊಳ್ಳುವವನು ಬರೆದುಕೊಡಬೇಕು. ಸೂಕ್ಷ್ಮ ವಿಷಯವಾದರೆ ಹೇಗ್ ನಗರದ ವಿದೇಶಾಂಗ ಇಲಾಖೆ ತೂಗಿ ನೋಡುತ್ತದೆ. ಇನ್ನೂ ಒಂದು ನಿಯಮವುಂಟು: ಸರಕು ಪಟ್ಟಿಯಲ್ಲಿ ಇಲ್ಲದಿದ್ದರೂ, ಅದು ಅಣ್ವಸ್ತ್ರದಂಥ ಘೋರ ಆಯುಧಕ್ಕೆ ಹೋಗುತ್ತದೆಂಬ ಗುಮಾನಿ ಬಂದರೆ ಸರಕಾರ ತಡೆಯಬಹುದು. ಚಾಪೆಯ ಕೆಳಗೆ ನುಸುಳುವವನಿದ್ದರೆ ರಂಗೋಲಿಯ ಕೆಳಗೆ ನುಸುಳುವವನೂ ಇದ್ದಾನೆ ಎಂಬುದು ಅನುಭವದಿಂದ ಕಲಿತ ಪಾಠ.

ಆಲ್ಮೆಲೊ: ಊರು ಕೊಳ್ಳೆ ಹೋದ ಮೇಲೆ

ಆ ಅನುಭವದ ಒಂದು ಭಾಗವನ್ನು ಕಾಣಬೇಕಾದರೆ ಹೇಗ್ ನಗರದಿಂದ ಪೂರ್ವಕ್ಕೆ, ಜರ್ಮನಿಯ ಗಡಿಯ ಕಡೆಗೆ, ಎರಡು ಗಂಟೆಗೂ ಮಿಕ್ಕ ರೈಲು ಪ್ರಯಾಣ ಮಾಡಬೇಕು. ಹಿಂದೆ ಬಟ್ಟೆಯ ಗಿರಣಿಗಳಿಗೆ ಹೆಸರಾಗಿದ್ದ ಆಲ್ಮೆಲೊ ಎಂಬ ಊರು ಅಲ್ಲಿದೆ. 1970ರ ಮಾರ್ಚ್ 4ರಂದು ಇಂಗ್ಲೆಂಡು, ಪಶ್ಚಿಮ ಜರ್ಮನಿ ಮತ್ತು ಹಾಲೆಂಡು ಇಲ್ಲಿ ಸಹಿ ಹಾಕಿ, ಅತಿವೇಗದಲ್ಲಿ ತಿರುಗುವ ಕೊಳವೆಗಳಿಂದ ಯುರೇನಿಯಮ್ಮನ್ನು ಸಂಪದ್ಭರಿತಗೊಳಿಸುವ ಉದ್ಯಮವನ್ನು ಒಟ್ಟಾಗಿ ಆರಂಭಿಸಿದವು. ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವಂತೆ, ಕೊಳವೆ ತಿರುಗಿದಾಗ ಹಗುರವಾದ ಯುರೇನಿಯಮ್ ಬೇರೆಯಾಗುತ್ತದೆ. ಸ್ವಲ್ಪ ಕಡೆದರೆ ವಿದ್ಯುಚ್ಛಕ್ತಿಗೆ ಇಂಧನ. ಕಡೆಯುತ್ತಲೇ ಹೋದರೆ ಬಾಂಬಿನ ತಿರುಳು. ಇಬ್ಬಗೆಯ ಬಳಕೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲ.

1972ರಲ್ಲಿ ಪಾಕಿಸ್ತಾನದ ಲೋಹವಿಜ್ಞಾನಿ ಅಬ್ದುಲ್ ಖದೀರ್ ಖಾನ್ ಆಮ್‌ಸ್ಟರ್‌ಡ್ಯಾಮಿನ ಒಂದು ಪ್ರಯೋಗಾಲಯದಲ್ಲಿ ಉದ್ಯೋಗಕ್ಕೆ ಸೇರಿದನು. ಆ ಪ್ರಯೋಗಾಲಯ ಆಲ್ಮೆಲೊ ಉದ್ಯಮಕ್ಕಾಗಿ ಕೆಲಸ ಮಾಡುತ್ತಿತ್ತು. 1974ರಲ್ಲಿ ಜರ್ಮನ್ ಭಾಷೆಯ ಗೋಪ್ಯ ಬರಹಗಳನ್ನು ಅನುವಾದಿಸಲೆಂದು ಅವನನ್ನು ಆಲ್ಮೆಲೊಗೂ ಕಳುಹಿಸಿದರು. 1975ರ ಡಿಸೆಂಬರಿನಲ್ಲಿ ಅವನು ಸ್ವದೇಶಕ್ಕೆ ಹೋದವನು ಹಿಂದಿರುಗಲಿಲ್ಲ. ಕೊಳವೆಗಳ ವಿನ್ಯಾಸವೂ, ಬಿಡಿಭಾಗ ಒದಗಿಸುವ ಕಂಪನಿಗಳ ಅರಿವೂ ಅವನೊಡನೆ ಹೋದವು. 1983ರಲ್ಲಿ ಡಚ್ ನ್ಯಾಯಾಲಯ ಅವನ ಗೈರುಹಾಜರಿಯಲ್ಲಿ ನಾಲ್ಕು ವರ್ಷದ ಸೆರೆ ವಿಧಿಸಿತು. ಸಮನ್ಸು ಕ್ರಮವಾಗಿ ತಲುಪಲಿಲ್ಲವೆಂಬ ಕಾರಣದಿಂದ 1985ರಲ್ಲಿ ಆ ತೀರ್ಪೂ ಬಿದ್ದುಹೋಯಿತು. 1998ರಲ್ಲಿ ಪಾಕಿಸ್ತಾನ ಅಣ್ವಸ್ತ್ರ ಸಿಡಿಸಿತು. ಅವನ ಜಾಲದಿಂದ ಲಿಬಿಯಾ, ಇರಾನ್, ಉತ್ತರ ಕೊರಿಯಾಗಳಿಗೂ ಈ ವಿದ್ಯೆ ಸಾಗಿತ್ತೆಂದು 2004ರ ಹೊತ್ತಿಗೆ ಹೊರಬಿದ್ದಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ನಮ್ಮ ಗಾದೆ ಆಲ್ಮೆಲೊಗೆ ಅಕ್ಷರಶಃ ಒಪ್ಪುತ್ತದೆ. ಪೆಟ್ಟಿಗೆಯಲ್ಲಿ ಹೋಗುವ ಸರಕನ್ನು ಬಂದರಿನಲ್ಲಿ ತಡೆಯಬಹುದು. ತಲೆಯೊಳಗೆ ಹೋಗುವ ಸರಕನ್ನು ತಡೆಯುವ ಸುಂಕದಕಟ್ಟೆ ಎಲ್ಲಿದೆ?

ವೆಲ್ಡ್‌ಹೋವನ್: ಬೆಳಕಿನ ಕಾರ್ಖಾನೆ

ಇಂದಿನ ಕಾವಲು ಬಲವಾಗಿರುವುದು ದಕ್ಷಿಣದಲ್ಲಿ, ಐಂಡ್‌ಹೋವನ್ ನಗರದ ಮಗ್ಗುಲಿನ ವೆಲ್ಡ್‌ಹೋವನ್ನಿನಲ್ಲಿ. ಈ ಊರಿಗೆ ರೈಲು ನಿಲ್ದಾಣ ಕೂಡ ಇಲ್ಲ. ಐಂಡ್‌ಹೋವನ್ನಿನಿಂದ ಬಸ್ಸಿನಲ್ಲಿ ಹೋಗಬೇಕು. ಆದರೆ 1984ರಲ್ಲಿ ಫಿಲಿಪ್ಸ್ ಸಂಸ್ಥೆಯ ಪಾಲುದಾರಿಕೆಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಎಎಸ್‌ಎಮ್‌ಎಲ್ ಎಂಬ ಕಂಪನಿಯ ಯಂತ್ರಗಳಿಲ್ಲದೆ ಜಗತ್ತಿನ ಅತ್ಯಂತ ಸೂಕ್ಷ್ಮವಾದ ಚಿಪ್ಪುಗಳು ತಯಾರಾಗಲಾರವು. ಕರಗಿದ ತವರದ ಹನಿಗಳು ಸೆಕೆಂಡಿಗೆ ಐವತ್ತು ಸಾವಿರದಂತೆ ಬೀಳುತ್ತಿರುತ್ತವೆ. ಪ್ರತಿ ಹನಿಗೂ ಲೇಸರ್ ಹೊಡೆದು, ಹುಟ್ಟುವ ಕಣ್ಣಿಗೆ ಕಾಣದ ಬೆಳಕನ್ನು ಕನ್ನಡಿಗಳಿಂದ ಹಾಯಿಸಿ, ಸಿಲಿಕಾನ್ ಬಿಲ್ಲೆಯ ಮೇಲೆ ಚಿತ್ರ ಬರೆಯುತ್ತಾರೆ. ಆ ಬೆಳಕಿನ ಅಲೆಯ ಉದ್ದ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಹದಿಮೂರೂವರೆ ಪಾಲು. ಅಂಥ ಚಿಪ್ಪು ಮಗುವಿನ ಕೈಯ ಫೋನಿನಲ್ಲಿಯೂ ಇರಬಹುದು, ಯುದ್ಧಭೂಮಿಯ ಗಣಕದಲ್ಲಿಯೂ ಇರಬಹುದು.

ಆದಕಾರಣವೇ 2019ರಿಂದ ಈ ಯಂತ್ರ ಚೀನಾಕ್ಕೆ ಹೋಗಲು ಡಚ್ ಸರಕಾರದ ಅನುಮತಿ ದೊರೆತಿಲ್ಲ. 2023ರ ಸೆಪ್ಟೆಂಬರ್ 1ರಿಂದ ಅದಕ್ಕಿಂತ ಹಿಂದಿನ ತಲೆಮಾರಿನ ಕೆಲವು ಯಂತ್ರಗಳಿಗೂ ಅನುಮತಿ ಕಡ್ಡಾಯವಾಯಿತು. ಇದರ ಹಿಂದೆ ಅಮೆರಿಕದ ಒತ್ತಾಯವಿದ್ದುದು ಗುಟ್ಟೇನಲ್ಲ. ಈ ನಿರ್ಬಂಧ ವಾಸೆನಾರ್ ಒಪ್ಪಂದದಲ್ಲಿ ಎಲ್ಲರೂ ಕೂಡಿ ಬರೆದುದಲ್ಲ, ಹಾಲೆಂಡು ತಾನೇ ಹಾಕಿಕೊಂಡುದು. ಒಪ್ಪಂದದಲ್ಲಿ ಹೊಸ ಸಾಲು ಸೇರಬೇಕಾದರೆ 42 ರಾಷ್ಟ್ರಗಳೂ ‘ಹೂಂ’ ಎನ್ನಬೇಕು. ಆ 42ರಲ್ಲಿ ರಷ್ಯವೂ ಒಂದು. 2022ರಲ್ಲಿ ಅದು ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ಒಮ್ಮತ ದುರ್ಲಭವಾಗಿದೆ. ಕ್ವಾಂಟಂ ಗಣಕಯಂತ್ರದಂಥ ಹೊಸ ವಿದ್ಯೆಗಳಿಗೆ ಹಲವು ದೇಶಗಳು ತಾವು ತಾವೇ ಬೇಲಿ ಕಟ್ಟಿಕೊಳ್ಳುತ್ತಿವೆ.

ಬೀಗದ ಹೊರಗಿದ್ದವರು

ಬೀಗದ ಒಳಗಿನವರಿಗೆ ಅದು ಭದ್ರತೆ. ಹೊರಗಿನವರಿಗೆ ಅದು ಮುಚ್ಚಿದ ಬಾಗಿಲು. ಹೊರಗೆ ನಿಂತ ಅನುಭವ ಬೆಂಗಳೂರಿಗೆ ಚೆನ್ನಾಗಿ ಉಂಟು. 1991ರಲ್ಲಿ ಇಸ್ರೋ ಸಂಸ್ಥೆ ರಷ್ಯದ ಗ್ಲಾವ್‌ಕಾಸ್ಮಾಸ್‌ನೊಡನೆ ಶೈತ್ಯ ಎಂಜಿನಿನ ವಿದ್ಯೆಗಾಗಿ ಕರಾರು ಮಾಡಿಕೊಂಡಿತು. ದ್ರವ ಜಲಜನಕವನ್ನು ದ್ರವ ಆಮ್ಲಜನಕದಿಂದ ಉರಿಸುವ ಎಂಜಿನು ಅದು. ಕ್ಷಿಪಣಿ ತಂತ್ರಜ್ಞಾನದ ನಿಯಂತ್ರಣಕ್ಕೆಂದು 1987ರಲ್ಲಿ ಏರ್ಪಟ್ಟಿದ್ದ ಮತ್ತೊಂದು ಕೂಟದ ನಿಯಮ ಮುರಿಯಿತೆಂದು ಹೇಳಿ ಅಮೆರಿಕವು 1992ರ ಮೇ ತಿಂಗಳಲ್ಲಿ ಎರಡು ಸಂಸ್ಥೆಗಳ ಮೇಲೂ ಎರಡು ವರ್ಷದ ನಿರ್ಬಂಧ ಹೇರಿತು. ಗಂಟೆಗಟ್ಟಲೆ ಇಂಧನ ತುಂಬಬೇಕಾದ ಇಂಥ ಎಂಜಿನನ್ನು ಯಾರೂ ಯುದ್ಧದ ಕ್ಷಿಪಣಿಗೆ ಕಟ್ಟುವುದಿಲ್ಲವೆಂದು ಭಾರತ ವಾದಿಸಿತು, ವಾದ ಗೆಲ್ಲಲಿಲ್ಲ. 1993ರಲ್ಲಿ ರಷ್ಯ ಹಿಂದೆ ಸರಿದು, ವಿದ್ಯೆಯ ಬದಲು ಸಿದ್ಧ ಎಂಜಿನುಗಳನ್ನು ಮಾತ್ರ ಕೊಟ್ಟಿತು. ನಮ್ಮವರು ತಾವೇ ಕಟ್ಟತೊಡಗಿದರು. 2010ರ ಏಪ್ರಿಲಿನಲ್ಲಿ ಸ್ವದೇಶಿ ಎಂಜಿನಿನ ಮೊದಲ ಹಾರಾಟ ಸೋತಿತು. 2014ರ ಜನವರಿ 5ರಂದು ಗೆದ್ದಿತು.

1998ರ ಪೋಖ್ರಾನ್ ಪರೀಕ್ಷೆಯ ನಂತರ ಮತ್ತೊಮ್ಮೆ ಬಾಗಿಲು ಮುಚ್ಚಿತು. ತೇಜಸ್ ವಿಮಾನದ ಹಾರಾಟ ನಿಯಂತ್ರಣಕ್ಕೆಂದು ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳನ್ನು ಹಿಂದಕ್ಕೆ ಕಳುಹಿಸಿದರು. ಉಳಿದ ಕೆಲಸವನ್ನು ಅವರು ಬೆಂಗಳೂರಿನಲ್ಲಿ ಮುಗಿಸಿದರು. 2001ರ ಜನವರಿ 4ರಂದು ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿತು. ಬೀಗವು ವಿದ್ಯೆಯನ್ನು ತಡೆಯಲಿಲ್ಲ, ಆದರೆ ತಡಮಾಡಿತು. ಆ ತಡದಲ್ಲಿ ಎಷ್ಟೋ ಜನರ ದುಡಿಮೆಯ ವರ್ಷಗಳು ಕರಗಿದವು ಎಂಬುದನ್ನೂ ಮರೆಯುವಂತಿಲ್ಲ.

ಕಾಲಚಕ್ರ ತಿರುಗಿತು. ಭಾರತವು 2016ರ ಜೂನಿನಲ್ಲಿ ಕ್ಷಿಪಣಿ ತಂತ್ರಜ್ಞಾನದ ಕೂಟವನ್ನೂ, 2017ರ ಡಿಸೆಂಬರಿನಲ್ಲಿ ವಾಸೆನಾರ್ ಒಪ್ಪಂದವನ್ನೂ ಸೇರಿತು. 2023ರಲ್ಲಿ ವರ್ಷವಿಡೀ ಅದರ ಮಹಾಸಭೆಯ ಅಧ್ಯಕ್ಷತೆ ಭಾರತದ್ದಾಗಿತ್ತು. ಇಂದು ಬೆಂಗಳೂರಿನ ವ್ಯಾಪಾರಿಯೊಬ್ಬ ಸೂಕ್ಷ್ಮ ಯಂತ್ರವನ್ನು ಹೊರದೇಶಕ್ಕೆ ಕಳುಹಿಸಬೇಕಾದರೆ ಭಾರತದ ‘ಸ್ಕೋಮೆಟ್’ ಪಟ್ಟಿಯನ್ನು ನೋಡಿ, ದೆಹಲಿಯ ಅಪ್ಪಣೆ ಪಡೆಯಬೇಕು. ಒಂದು ಕಾಲಕ್ಕೆ ಬಾಗಿಲ ಹೊರಗೆ ನಿಂತು ಬಡಿದವರ ಕೈಗೆ ಈಗ ಬೀಗದಕೈಯ ಒಂದು ಪಾಲು ಬಂದಿದೆ. ಬೇರೊಬ್ಬರು ಬಂದು ಬಡಿದಾಗ, ಅವರ ಕೈಯಲ್ಲಿರುವುದು ಆಸ್ಪತ್ರೆಯ ಅರ್ಜಿಯೋ ಆಯುಧದ ಅರ್ಜಿಯೋ ಎಂದು ತಾಳ್ಮೆಯಿಂದ ಓದುವ ಹೊಣೆಯೂ ಅದರೊಡನೆಯೇ ಬಂದಿದೆ.

ಮರಳಿನ ಸೋಸುವಿಕೆ

ವಾಸೆನಾರಿಗೆ ಹೋದವರು ನೋಡದೆ ಬರಬಾರದ ಸ್ಥಳ ಮೈಯೆಂಡೆಲ್. ಊರಿಗೂ ಸಮುದ್ರಕ್ಕೂ ನಡುವೆ ಹರಡಿರುವ ಮರಳುದಿಬ್ಬಗಳ ಅರಣ್ಯವದು. ಮುಳ್ಳುಪೊದೆಗಳ ನಡುವೆ ಸೈಕಲ್ಲಿನ ಹಾದಿಗಳು, ನೀರಹಕ್ಕಿಗಳು ತುಂಬಿದ ಕೊಳಗಳು. ಅಲ್ಲಲ್ಲಿ ಮರಳಿನಿಂದ ತಲೆಯೆತ್ತಿದ, ಜರ್ಮನರು ಕಟ್ಟಿಹೋದ ಕಾಂಕ್ರೀಟಿನ ಕಾವಲುಗೂಡುಗಳು. ಹೇಗ್ ನಗರದವರು ಕುಡಿಯುವ ನೀರು ಬರುವುದು ಇಲ್ಲಿಂದ. ದೂರದ ಮಾಸ್ ನದಿಯ ನೀರನ್ನು ಕೊಳವೆಗಳಲ್ಲಿ ತಂದು ಈ ಕೊಳಗಳಿಗೆ ಬಿಡುತ್ತಾರೆ. ಅದು ವಾರಗಟ್ಟಲೆ ಮರಳಿನಲ್ಲಿ ಇಂಗಿ, ಸೋಸಿ, ಕೆಳಗೆ ತಿಳಿಯಾಗಿ ಸಿಕ್ಕುತ್ತದೆ. ನೀರನ್ನು ತಡೆದು ನಿಲ್ಲಿಸಿದ್ದರೆ ನಗರ ಬಾಯಾರಿ ಬಳಲುತ್ತಿತ್ತು. ಇದ್ದಂತೆಯೇ ಬಿಟ್ಟಿದ್ದರೆ ರೋಗ ಹಿಡಿಯುತ್ತಿತ್ತು.

ಬೇಸಗೆಯ ಸಂಜೆ ಇಲ್ಲಿ ಬೆಳಕು ಹತ್ತು ಗಂಟೆಯವರೆಗೂ ಇರುತ್ತದೆ. ಮಕ್ಕಳು ದಿಬ್ಬದ ಮೇಲಿಂದ ಜಾರಿ ಆಡುತ್ತವೆ. ಎತ್ತರದ ದಿಬ್ಬವನ್ನೇರಿ ನಿಂತರೆ ಪಶ್ಚಿಮಕ್ಕೆ ಸಮುದ್ರ ಕಾಣುತ್ತದೆ. ಅದರಾಚೆ, ಕಣ್ಣಿಗೆ ಕಾಣದಷ್ಟು ದೂರದಲ್ಲಿ, ರಾಕೆಟ್ಟಿಗೆ ಐದೇ ನಿಮಿಷದ ಹಾದಿಯಲ್ಲಿ, ಲಂಡನ್ ಇದೆ.